ಹೊಂಚುನಡೆಯ ಬೇಟೆ ಮತ್ತು ದೂರದ ಗುರಿ

ಜಿಂಕೆ, ಕಡವೆ, ಕಾಡೆಮ್ಮೆ, ಆನೆಯಂಥ ದೊಡ್ಡ ಪ್ರಾಣಿಗಳ ಕೋವಿಬೇಟೆಯಲ್ಲಿ ರೂಢಿಯಲ್ಲಿರುವ ಎರಡು ಕ್ರಮಗಳು ಹೊಂಚುನಡೆ ಮತ್ತು ದೂರದ ಗುರಿ. ಹೊಂಚುನಡೆಯಲ್ಲಿ ಬೇಟೆಗಾರ ಗಾಳಿಯ ದಿಕ್ಕನ್ನೂ ನೆಲದ ಮರೆಯನ್ನೂ ಬಳಸಿಕೊಂಡು, ಪ್ರಾಣಿಗೆ ಸುಳಿವು ಕೊಡದೆ ನೂರು, ನೂರೈವತ್ತು ಮೀಟರಿನೊಳಕ್ಕೆ ನುಸುಳುತ್ತಾನೆ. ದೂರದ ಗುರಿಯಲ್ಲಿ 400, 500 ಮೀಟರ್ ಆಚೆಯಿಂದಲೇ ದುರ್ಬೀನು ಜೋಡಿಸಿದ ರೈಫಲ್ಲಿನಿಂದ ಗುಂಡು ಹಾರಿಸುತ್ತಾನೆ. ಮೊದಲನೆಯದಕ್ಕೆ ಪ್ರಾಣಿಯ ಸ್ವಭಾವದ ತಿಳಿವಳಿಕೆ ಆಧಾರ, ಎರಡನೆಯದಕ್ಕೆ ಗುಂಡಿನ ಹಾದಿಯ ಲೆಕ್ಕ.

ಹೊಂಚುನಡೆ ಒಂದು ವಿದ್ಯೆಯಾಗಿ ಬೆಳೆದದ್ದು ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಬೆಟ್ಟಗಳಲ್ಲಿ. ಅಲ್ಲಿನ ಕೆಂಪು ಜಿಂಕೆಗಳು ಬಹುಮಟ್ಟಿಗೆ ಮರಗಳಿಲ್ಲದ ಇಳಿಜಾರುಗಳಲ್ಲಿ ಮೇಯುತ್ತವೆ. ಬೇಟೆಗಾರನಿಗೆ ಮರೆಯೆಂದರೆ ಹೀದರ್ ಪೊದೆ, ತೊರೆಯ ಕೊರಕಲು, ಬಂಡೆ ಇಷ್ಟೇ. ಸ್ಟಾಕರ್ ಎಂದು ಕರೆಯಲಾಗುವ ಅಲ್ಲಿನ ವೃತ್ತಿಪರ ಮಾರ್ಗದರ್ಶಿ ಎದುರಿನ ಗುಡ್ಡದಲ್ಲಿ ಮಲಗಿ ದುರ್ಬೀನಿನಿಂದ ಹಿಂಡನ್ನು ಹುಡುಕುತ್ತಾನೆ, ಯಾವ ಗಂಡನ್ನು ಹೊಡೆಯಬೇಕೆಂದು ನಿರ್ಧರಿಸುತ್ತಾನೆ, ಆಮೇಲೆ ಗಾಳಿ ನೋಡಿ ದಾರಿ ಆರಿಸುತ್ತಾನೆ. ಅಲುಗಾಡದೆ ಮಲಗಿದರೆ ಜಿಂಕೆಯ ಕಣ್ಣು ತಪ್ಪಿಸಬಹುದು. ಗಾಳಿ ಅದರತ್ತ ಬೀಸುತ್ತಿದ್ದರೆ ಮೂಗನ್ನು ತಪ್ಪಿಸುವುದು ಅಸಾಧ್ಯ. ಕಣಿವೆಯಲ್ಲಿ ಗಾಳಿ ಒಮ್ಮೆ ಸುಳಿದು ತಿರುಗಿದರೆ ಗಂಟೆಗಟ್ಟಲೆ ತೆವಳಿದ ಶ್ರಮ ಮಣ್ಣುಪಾಲು. ವಿಲಿಯಂ ಸ್ಕ್ರೋಪ್ 1838ರಲ್ಲಿ ಈ ಬೇಟೆಯ ಮೇಲೆ ‘ದಿ ಆರ್ಟ್ ಆಫ್ ಡೀರ್-ಸ್ಟಾಕಿಂಗ್’ ಎಂಬ ಗ್ರಂಥವನ್ನೇ ಬರೆದ. 1900ರಲ್ಲಿ, ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕಾಗಿ ಲಾರ್ಡ್ ಲೋವಟ್ ಈ ಸ್ಟಾಕರ್‌ಗಳಂಥ ಬೆಟ್ಟಗಾಡಿನ ಜನರಿಂದ ಕಟ್ಟಿದ ಲೋವಟ್ ಸ್ಕೌಟ್ಸ್ ಪಡೆ, ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಮೇಲೆ ಕಣ್ಣಿಡುವ, ಮರೆಯಿಂದ ಗುಂಡು ಹಾರಿಸುವ ಕೆಲಸಕ್ಕೆ ಹೆಸರಾಯಿತು.

ಹತ್ತಿರದ ಗುರಿಯ ಬಲಕ್ಕೆ ಇನ್ನೊಂದು ಉದಾಹರಣೆ ಆಫ್ರಿಕದ್ದು. ಅಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಬೇಟೆಗಾರ ಡಬ್ಲ್ಯು. ಡಿ. ಎಂ. ಬೆಲ್ (1880–1954) ಬಹುಪಾಲು ಬಳಸಿದ್ದು 7 ಮಿ.ಮೀ. ವ್ಯಾಸದ ಸಣ್ಣ ಗುಂಡಿನ ರೈಫಲ್ಲುಗಳನ್ನು. ಆನೆಯ ತಲೆಬುರುಡೆಯ ರಚನೆಯನ್ನು ಅರಿತು, ತೀರ ಹತ್ತಿರ ಹೋಗಿ ಮಿದುಳಿಗೆ ಗುರಿಯಿಡುತ್ತಿದ್ದುದರಿಂದ ಅದು ಸಾಧ್ಯವಾಯಿತು. ಆ ಸಂಹಾರ ಇಂದು ಸಂಕಟ ಹುಟ್ಟಿಸುವಂಥದು. ಆದರೆ ಸಾಮೀಪ್ಯ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ದೂರದ ಗುರಿಯ ತೊಡಕನ್ನು ಲೆಕ್ಕವೇ ಹೇಳುತ್ತದೆ. .308 ವಿಂಚೆಸ್ಟರ್‌ನಂಥ ಸಾಮಾನ್ಯ ಬೇಟೆಯ ರೈಫಲ್ಲನ್ನು 100 ಮೀಟರಿಗೆ ಹೊಂದಿಸಿದ್ದರೆ, 500 ಮೀಟರಿಗೆ ಗುಂಡು ಒಂದೂವರೆ ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಅದನ್ನು ಅರ್ಧ ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಜಾಗವಾದರೋ ಒಂದು ಊಟದ ತಟ್ಟೆಯಷ್ಟಗಲ. 1990ರ ದಶಕದಿಂದ ಬಳಕೆಗೆ ಬಂದ ಕೈಯಲ್ಲಿ ಹಿಡಿಯುವ ಲೇಸರ್ ದೂರಮಾಪಕ, ಆಮೇಲೆ ಬಂದ ಮೊಬೈಲ್ ಲೆಕ್ಕಾಚಾರಗಳು ಇಳಿತದ ಸಮಸ್ಯೆಯನ್ನು ಬಗೆಹರಿಸಿವೆ. ಗಾಳಿಯನ್ನು ಬಗೆಹರಿಸಿಲ್ಲ: ಬೇಟೆಗಾರನ ಕೆನ್ನೆಗೆ ತಾಗುವ ಗಾಳಿಯೂ ನಡುವಿನ ಕಣಿವೆಯ ಗಾಳಿಯೂ ಒಂದೇ ಆಗಿರಬೇಕಿಲ್ಲ. ಪ್ರಾಣಿಯನ್ನಂತೂ ಯಾವ ಯಂತ್ರವೂ ಬಗೆಹರಿಸದು. ಅಷ್ಟು ದೂರಕ್ಕೆ ಗುಂಡಿಗೆ ಸುಮಾರು ಮುಕ್ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಮೇಯುವ ಜಿಂಕೆ ಒಂದು ಹೆಜ್ಜೆ ಇಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ವೇಗ ಕಳೆದುಕೊಂಡ ಗುಂಡು ಒಳಗೆ ಹೋದಮೇಲೆ ಸರಿಯಾಗಿ ಅರಳದೆ ಸಣ್ಣ ತೂತು ಮಾಡಿ ದಾಟಿಹೋಗುವುದೂ ಉಂಟು.

ಈಡು ತಪ್ಪಿ ಗಾಯಗೊಂಡ ಪ್ರಾಣಿಯನ್ನು ಹುಡುಕಿ ಅದರ ನೋವು ಮುಗಿಸುವುದು ಬೇಟೆಯ ಮೊದಲ ಧರ್ಮ. ಕಣಿವೆಯಾಚೆಗೆ ಹೊಡೆದವನಿಗೆ ಅದು ನಿಂತಿದ್ದ ಜಾಗವನ್ನು ಗುರುತಿಸುವುದೇ ಕಷ್ಟ. ಅಲ್ಲಿಗೆ ತಲುಪುವಷ್ಟರಲ್ಲಿ ರಕ್ತದ ಜಾಡು ಆರಿರುತ್ತದೆ. ದೂರದ ಗುರಿಯ ವಿರುದ್ಧದ ಅತ್ಯಂತ ಬಲವಾದ ವಾದ ಇದೇ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಅಮೆರಿಕದ ಬೂನ್ ಅಂಡ್ ಕ್ರಾಕೆಟ್ ಕ್ಲಬ್, ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಇರಬೇಕೆಂಬ ತತ್ವದ ಮೇಲೆ, ಸಲಕರಣೆಯ ಸಾಮರ್ಥ್ಯ ಪರೀಕ್ಷಿಸಲೆಂದೇ ಬಹುದೂರದಿಂದ ಹೊಡೆಯುವುದನ್ನು ವಿರೋಧಿಸುತ್ತದೆ. ಬಟ್ಟಬಯಲಿನ ಪ್ರಾಂಗ್‌ಹಾರ್ನ್ (ಅಮೆರಿಕದ ಜಿಂಕೆಯಂಥ ಪ್ರಾಣಿ), ಕಡಿದಾದ ಪರ್ವತಗಳ ಕಾಡುಕುರಿಗಳ ಬಳಿಗೆ ನೂರು ಮೀಟರಿಗೆ ಹೋಗುವುದು ಯಾವಾಗಲೂ ಸಾಧ್ಯವಿಲ್ಲವೆಂಬ ಪ್ರತಿವಾದದಲ್ಲೂ ನಿಜವಿದೆ. ಆದರೂ ಅಲ್ಲಿ ನುರಿತವರು 250, 300 ಮೀಟರಿಗೆ ಬರುವತನಕ ಕಾಯುತ್ತಾರೆ, ಇಲ್ಲವೇ ಆ ದಿನ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಕರ್ನಾಟಕದ ಮಲೆನಾಡಿನಲ್ಲಿ ದಟ್ಟ ಹಳುವೇ ದೂರದ ಪ್ರಶ್ನೆಯನ್ನು ಇತ್ಯರ್ಥಮಾಡಿತ್ತು. ಕೇಪಿನ ಕೋವಿ ಹಿಡಿದು ಮರಸು (ಮರೆಯಲ್ಲಿ ಹೊಂಚಿ) ಕೂರುತ್ತಿದ್ದವರಿಗೂ, ಸೋವಿ (ಗದ್ದಲವೆಬ್ಬಿಸಿ) ಓಡಿಸಿದ ಮಿಗಕ್ಕೆ ಕಾದು ನಿಲ್ಲುತ್ತಿದ್ದವರಿಗೂ ಈಡಿನ ದೂರ ಕೆಲವು ಮಾರುಗಳಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ಬಳಿಕ ಭಾರತದಲ್ಲಿ ಮೋಜಿನ ಬೇಟೆ ಅಪರಾಧ. ಹತ್ತಿರ ಹೋಗುವ ವಿದ್ಯೆ ಮಾತ್ರ ಅರಣ್ಯ ಇಲಾಖೆಯ ಕೆಲಸದಲ್ಲಿ ಉಳಿದಿದೆ. ಕೋವಿಯಿಂದ ಹಾರಿಸುವ ಅರಿವಳಿಕೆ ಮದ್ದಿನ ಸಿರಿಂಜು ಭಾರವಾದದ್ದು, ನಿಧಾನವಾಗಿ ಹಾರುವಂಥದು. ಹೊಲಕ್ಕಿಳಿದ ಕಾಡಾನೆಯನ್ನು ಹಿಡಿಯಬೇಕಾದಾಗ ಪಶುವೈದ್ಯರು ಗಾಳಿ ನೋಡಿಕೊಂಡು, ಹಲವೊಮ್ಮೆ ಪಳಗಿದ ಆನೆಯ ಬೆನ್ನೇರಿ, ಹತ್ತಾರು ಮೀಟರ್‌ಗಳಷ್ಟು ಸಮೀಪಕ್ಕೆ ಹೋಗಲೇಬೇಕು.