ಬುದ್ಧಗಯೆಯ ಬೋಧಿವೃಕ್ಷದ ರಕ್ಷಣೆ

ಬುದ್ಧಗಯೆಯ ಅಶ್ವತ್ಥವೃಕ್ಷಕ್ಕೆ ಎರಡು ಬಗೆಯ ವಿಪತ್ತುಗಳು ಒದಗಿದುದು ಇತಿಹಾಸದಿಂದ ತಿಳಿದುಬರುತ್ತದೆ: ಒಂದು ಕೊಡಲಿಯದು, ಇನ್ನೊಂದು ರೋಗದ್ದು. ಕ್ರಿ. ಶ. 7ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಚೀನಾ ಯಾತ್ರಿಕ ಹ್ಯೂಯೆನ್ ತ್ಸಾಂಗನು, ಗೌಡಾಧಿಪತಿ ಶಶಾಂಕನು ಮರವನ್ನು ಕಡಿಸಿ ಬೇರುಗಳನ್ನು ಸುಡಿಸಿದನೆಂದೂ, ಮಗಧದ ಪೂರ್ಣವರ್ಮನು ಅದನ್ನು ಚಿಗುರಿಸಿ, ಮತ್ತಾರೂ ಕಡಿಯದಂತೆ ಸುತ್ತಲೂ 24 ಅಡಿ ಎತ್ತರದ ಕಲ್ಲುಗೋಡೆಯನ್ನು ಕಟ್ಟಿಸಿದನೆಂದೂ ಬರೆದಿದ್ದಾನೆ. ಈ ಯಾತ್ರಿಕನು ಶಶಾಂಕನ ವೈರಿಯಾದ ಹರ್ಷನ ಮನ್ನಣೆಗೆ ಪಾತ್ರನಾಗಿದ್ದುದರಿಂದ ಆತನ ಕಥನವನ್ನು ವಿಮರ್ಶಿಸಿಯೇ ಗ್ರಹಿಸತಕ್ಕದ್ದು.

ಗೋಡೆಯು ಕೊಡಲಿಯನ್ನು ತಡೆಯಬಲ್ಲುದಲ್ಲದೆ ಮರದೊಳಗಿನ ಕೊಳೆತವನ್ನು ತಡೆಯಲಾರದು. 1862ರಲ್ಲಿ ಕನ್ನಿಂಗ್‌ಹ್ಯಾಮನು ನೋಡಿದಾಗ ಒಂದು ದೊಡ್ಡ ಕಾಂಡ ಮಾತ್ರ ಹಸುರಾಗಿದ್ದು, ಇತರ ಕೊಂಬೆಗಳು ತೊಗಟೆಯುದುರಿ ಕೊಳೆತಿದ್ದುವು. 1876ರ ಬಿರುಗಾಳಿಗೆ ಉಳಿದ ಭಾಗವೂ ಉರುಳಿತು. ಆದರೆ ಬೀಜಗಳನ್ನು ಮೊದಲೇ ಸಂಗ್ರಹಿಸಿ ಸಸಿಗಳನ್ನು ಬೆಳೆಸಿದ್ದರು. ಈಗಿನ ಮರವು 1881ರಲ್ಲಿ ನೆಟ್ಟುದು. ಅದರ ಭಾರವಾದ ಕೊಂಬೆಗಳಿಗೆ ಕಬ್ಬಿಣದ ಆಸರೆಗಳಿವೆ; ದೇಹರಾದೂನಿನ ಅರಣ್ಯ ಸಂಶೋಧನ ಸಂಸ್ಥೆಯ ತಜ್ಞರು ಅದರ ಆರೋಗ್ಯವನ್ನು ಪರೀಕ್ಷಿಸುತ್ತಾರೆ.

ಹೀಗೆ, ಪೂರ್ಣವರ್ಮನ ಗೋಡೆಯಿಂದ ಆಗದ ಕಾರ್ಯವು ಬೀಜವನ್ನು ಕಾದಿರಿಸಿದವರ ಮುಂದಾಲೋಚನೆಯಿಂದ ಆಯಿತು. ಪುರಾತನ ವೃಕ್ಷವನ್ನು ರಕ್ಷಿಸಬೇಕೆಂಬವರು ಅದು ನಿಂತಿರುವಾಗಲೇ ಅದರ ಸಂತತಿಯನ್ನೂ ರಕ್ಷಿಸಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.