ರಾಧಾನಗರ ಬೀಚಿಗೆ ಆ ಹೆಸರು ಬಂದದ್ದು ಹೇಗೆ?

ನಮ್ಮ ಐಟಿ ಮಂದಿ ಅಂಡಮಾನ್ ಟ್ರಿಪ್ ಹಾಕಿದ್ರೆ ಹ್ಯಾವ್‌ಲಾಕ್‌ನ ರಾಧಾನಗರ ಬೀಚ್ ಲಿಸ್ಟಿನಲ್ಲಿ ಇದ್ದೇ ಇರುತ್ತೆ. ಪಕ್ಕದಲ್ಲೇ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ. ನಡುಸಮುದ್ರದಲ್ಲಿ ಈ ಹೆಸರುಗಳು ಎಲ್ಲಿಂದ ಬಂದವು? ಕೆಲಸಕ್ಕೆಂದು ಕೊಲ್ಕತ್ತಾಕ್ಕೆ ಬಂದ ಮೇಲೆ ನನಗೆ ಉತ್ತರ ಸಿಕ್ಕಿತು. ಆ ಊರುಗಳ ಕಥೆ ಶುರುವಾಗೋದು ಇಲ್ಲಿಂದಲೇ.

ಸಮುದ್ರ ದಾಟಿದ ನಿರಾಶ್ರಿತರು ಅಂದ ಕೂಡಲೇ 1975ರ ನಂತರ ದೋಣಿ ಹತ್ತಿದ ವಿಯೆಟ್ನಾಮಿಗಳು ನೆನಪಾಗ್ತಾರೆ. ಅದಕ್ಕೂ ಕಾಲು ಶತಮಾನ ಮೊದಲು, 1949ರ ಮಾರ್ಚ್‌ನಲ್ಲಿ, ಪೂರ್ವ ಬಂಗಾಳದ ಸುಮಾರು 200 ನಿರಾಶ್ರಿತ ಕುಟುಂಬಗಳು ಕೊಲ್ಕತ್ತಾದಿಂದ 'ಮಹಾರಾಜ' ಹಡಗಿನಲ್ಲಿ ಪೋರ್ಟ್ ಬ್ಲೇರ್‌ಗೆ ಹೊರಟವು. ವ್ಯತ್ಯಾಸ ಏನಂದ್ರೆ, ಇಲ್ಲಿ ಹಡಗು ಹತ್ತಿಸಿದ್ದು ಸರ್ಕಾರ, ತೀರ್ಮಾನವೂ ಸರ್ಕಾರದ್ದು.

ದೇಶ ವಿಭಜನೆಯಾದಾಗ ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರ್ಮುಗಳೇ ಜನರ ಮನೆಗಳಾಗಿದ್ದವು. ಓದು, ನೆಂಟಸ್ತಿಕೆ, ಸ್ವಲ್ಪ ಕಾಸು ಇದ್ದವರು ಜಾದವ್‌ಪುರದ ಕಡೆ ಖಾಲಿ ಜಾಗ ಹಿಡಿದು ಬಿಜಯ್‌ಗಢದಂಥ ಕಾಲೊನಿ ಕಟ್ಟಿಕೊಂಡರು. ಏನೂ ಇಲ್ಲದವರು ಕ್ಯಾಂಪ್ ಸೇರಿದರು. ಅಂಡಮಾನ್‌ಗೆ ಹೋದವರಲ್ಲಿ ಹೆಚ್ಚಿನವರು ಇಂಥವರೇ: ಬಹುಪಾಲು ನಾಮಶೂದ್ರ ರೈತರು. ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಯೋಜನೆಯ ಪರವಾಗಿದ್ದರು. ಎಡಪಕ್ಷದವರು 'ಬಂಗಾಳದೊಳಗೇ ಜಾಗ ಕೊಡಿ' ಎಂದು ವಿರೋಧಿಸಿದರು. ಜನಕ್ಕಂತೂ ಅದು ಕಾಲಾಪಾನಿ, ಕೈದಿಗಳನ್ನು ಅಟ್ಟುವ ಜಾಗ. ನಮಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಬಂದ್ರೆ ಇಷ್ಟವಿಲ್ಲ ಅಂತ ಕೆಲಸ ಬದಲಾಯಿಸಬಹುದು. ಕ್ಯಾಂಪಿನ ರೈತನಿಗೆ ಬದಲಾಯಿಸೋಕೆ ಇನ್ನೊಂದು ಏನಿತ್ತು?

ಅಲ್ಲಿ ಪ್ರತಿ ಕುಟುಂಬಕ್ಕೆ 10 ಎಕರೆ: ಅರ್ಧ ಭತ್ತದ ನೆಲ, ಅರ್ಧ ಗುಡ್ಡ. ಕಾಡು ಕಡಿದು, ಮಲೇರಿಯಾ ಸಹಿಸಿ ಗದ್ದೆ ಮಾಡಿದರು. 1950ರ ದಶಕದಲ್ಲಿ ಹ್ಯಾವ್‌ಲಾಕ್‌ನಲ್ಲೂ, ಆಮೇಲೆ ನೀಲ್ ದ್ವೀಪದಲ್ಲೂ ಊರುಗಳೆದ್ದವು. ನೀಲ್‌ನಲ್ಲಿ ಸೀತಾಪುರ, ಭರತ್‌ಪುರ, ರಾಮನಗರ, ಲಕ್ಷ್ಮಣಪುರ: ಇಡೀ ರಾಮಾಯಣವೇ ಇದೆ! ಪೋರ್ಟ್ ಬ್ಲೇರ್‌ನ ಮಾರುಕಟ್ಟೆಗೆ ಇವತ್ತಿಗೂ ಈ ಪುಟ್ಟ ದ್ವೀಪದಿಂದ ತರಕಾರಿ ಬರುತ್ತೆ. 2011ರ ಜನಗಣತಿಯಲ್ಲಿ ಅಂಡಮಾನ್ ನಿಕೋಬಾರ್‌ನಲ್ಲಿ ಅತಿ ಹೆಚ್ಚು ಜನರ ಮಾತೃಭಾಷೆ ಬಂಗಾಳಿ.

ಇಲ್ಲಿಗೇ ನಿಲ್ಲಿಸಿದ್ರೆ ಇದು ಗೆದ್ದವರ ಕಥೆ. ಆದರೆ ಸರ್ಕಾರ ಹಂಚಿದ ಕಾಡು ಖಾಲಿ ಜಾಗವಾಗಿರಲಿಲ್ಲ. ದಕ್ಷಿಣ ಮತ್ತು ಮಧ್ಯ ಅಂಡಮಾನ್‌ನಲ್ಲಿ ಅದು ಜರವಾ ಜನರ ಬೇಟೆಯ ನೆಲ. 1957ರಲ್ಲಿ ಅವರಿಗೆ ಮೀಸಲು ಪ್ರದೇಶ ಗುರುತಿಸಿದರೂ, ಆಮೇಲೆ ಅದರ ಮೂಲಕವೇ ಅಂಡಮಾನ್ ಟ್ರಂಕ್ ರೋಡ್ ಹಾದುಹೋಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆ ಭಾಗದ ರಸ್ತೆ ಮುಚ್ಚಲು ಹೇಳಿತು. ವಾಹನ ಓಡಾಟ ನಿಲ್ಲಲಿಲ್ಲ. ನೆಲ ಕಳೆದುಕೊಂಡವರನ್ನು ತಂದು ಇನ್ನೊಬ್ಬರ ನೆಲದ ಮೇಲೆ ನಿಲ್ಲಿಸಿದ್ದು ಯಾರು? ಇಬ್ಬರನ್ನೂ ಕೇಳದ ಕಡತ. ರೈತನನ್ನು ದೂರೋದು ಸುಲಭ, ಅಷ್ಟು ಸರಿಯಲ್ಲ.

ಇದು ದೂರದ ಕಥೆ ಅನ್ಕೋಬೇಡಿ. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲೂ ನೆಲೆಸಿವೆ. ಸಿಂಧನೂರಿನ ಕಡೆಯವರು ಯಾರಾದ್ರೂ ಇದನ್ನು ಓದ್ತಿದ್ರೆ, ಆ ಹಿರಿಯರನ್ನು ಮಾತಾಡಿಸಿ ಬರೆದಿಡಿ. ಹಡಗು ಹತ್ತಿದ ತಲೆಮಾರು ಕರಗುತ್ತಿದೆ.