ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ‘ಸೂಪರ್ ಮಾರಿಯೋ’ ಆಟ: ಒಂದು ಆಧಾರ ವಿಚಾರ

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಪೂರ್ವ ಚರಿತ್ರೆಯನ್ನು ಬರೆಯಹೊರಟವರಿಗೆ ಕೋಟೆಗಳುಂಟು, ಶಾಸನಗಳುಂಟು. ಸುರಪುರದ ನಾಯಕ ಮನೆತನದ ಕೊನೆಯ ದಿನಗಳಿಗೆ 1877ರಲ್ಲಿ ಪ್ರಕಟವಾದ ಮೆಡೋಸ್ ಟೇಲರನ ಆತ್ಮಕಥೆಯುಂಟು. ಆದರೆ ಇದೇ ಊರುಗಳ ಮಕ್ಕಳು ಇಪ್ಪತ್ತನೆಯ ಶತಮಾನದ ಕೊನೆಗೆ ಏನನ್ನು ಆಡಿದರೆಂಬ ಪ್ರಶ್ನೆಗೆ ಸರಕಾರಿ ದಫ್ತರಗಳು ಉತ್ತರ ಕೊಡಲಾರವು. ಹುಲಿ-ಕುರಿ ಆಟದವರು ಗುಡಿಯ ಹಾಸುಗಲ್ಲಿನ ಮೇಲೆ ಗೆರೆಗಳನ್ನಾದರೂ ಕೊರೆದು ಹೋದರು, ಟಿ.ವಿ.ಯ ಗಾಜಿನ ಮೇಲೆ ಆಡಿದವರು ಯಾವ ಗುರುತನ್ನೂ ಬಿಡಲಿಲ್ಲ. ಇಂಥ ವಿಷಯಕ್ಕೆ ಆಧಾರ ಯಾವುದು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಒಂದೇ ಆಟವನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಮೂಲದ ವಿಚಾರ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ತಯಾರಿಸಲು ಆರಂಭವಾದ ನಿಂಟೆಂಡೋ ಸಂಸ್ಥೆಯು 1983ರಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಮನೆಯಾಟದ ಯಂತ್ರವನ್ನು ಹೊರತಂದಿತು. ಆ ಯಂತ್ರಕ್ಕಾಗಿ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬವರು ರೂಪಿಸಿದ ಈ ಆಟವು 1985ರ ಸೆಪ್ಟೆಂಬರ್ 13ರಂದು ಪ್ರಕಟವಾಯಿತು. ಅದರ ಸಂಗೀತ ಕೋಜಿ ಕೊಂಡೊ ಎಂಬವರದು. ತೊಗಲುಗೊಂಬೆಯಾಟದಲ್ಲಿ ಪರದೆ ನಿಂತಿರುತ್ತದೆ, ಗೊಂಬೆ ಚಲಿಸುತ್ತದೆ. ಇಲ್ಲಿಯಾದರೋ ನಾಯಕನು ನಡುವಿಗೆ ಬಂದೊಡನೆ ಹಿನ್ನೆಲೆಯ ನೆಲ, ಮುಗಿಲು, ಗೋಡೆಗಳೇ ಎಡಕ್ಕೆ ಸರಿಯುತ್ತವೆ; ಒಮ್ಮೆ ಮರೆಯಾದ ಭಾಗಕ್ಕೆ ಮರಳುವಂತಿಲ್ಲ. ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಘಟ್ಟಗಳುಳ್ಳ ಈ ಆಟವೆಲ್ಲ 40 ಕಿಲೋಬೈಟುಗಳಲ್ಲಿ ಅಡಕವಾಗಿತ್ತು. ಸ್ಥಳದ ಅಭಾವದಿಂದಾಗಿ ಮುಗಿಲಿಗೂ ಪೊದೆಗೂ ಒಂದೇ ಆಕಾರವನ್ನು ಬಳಸಿ ಬಣ್ಣವನ್ನು ಮಾತ್ರ ಬದಲಿಸಿದ್ದಾರೆ. 1989ರಲ್ಲಿ ಕೈಯಲ್ಲಿ ಹಿಡಿದಾಡುವ ‘ಗೇಮ್ ಬಾಯ್’ ಯಂತ್ರಕ್ಕೆ ‘ಸೂಪರ್ ಮಾರಿಯೋ ಲ್ಯಾಂಡ್’ ಎಂಬ ಬೇರೊಂದು ಆಟ ಬಂದಿತು. 1999ರಲ್ಲಿ ಮೂಲ ಆಟವೇ ಪರಿಷ್ಕೃತವಾಗಿ ‘ಗೇಮ್ ಬಾಯ್ ಕಲರ್’ ಯಂತ್ರಕ್ಕೆ ಇಳಿಯಿತು.

ಮೂಲ ಆಟವು ನಾಲ್ಕು ಕೋಟಿಗಿಂತ ಹೆಚ್ಚು ಮಾರಾಟವಾಯಿತು. ಆದರೆ ನಮ್ಮ ಸೀಮೆಯಲ್ಲಿ ಆಡಿದ್ದು ಈ ಲೆಕ್ಕದೊಳಗಿನದಲ್ಲ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದ ಮೇಲೆ, ವಿಶೇಷವಾಗಿ 1991ರ ಆರ್ಥಿಕ ಬದಲಾವಣೆಯ ತರುವಾಯ, ಸಾಧಾರಣ ಮನೆಗಳನ್ನು ಮುಟ್ಟಿದವು ತೈವಾನ್, ಹಾಂಗ್‌ಕಾಂಗ್ ಮೊದಲಾದ ಕಡೆ ತಯಾರಾದ ನಕಲು ಯಂತ್ರಗಳು. ಆಗ ಈ ಮೂರೂ ಊರುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2010ರಲ್ಲಿ. ನಮ್ಮ ಮನೆಗೆ ಬಂದ ಯಂತ್ರದೊಡನೆ ರಸೀದಿಯಾಗಲಿ ಕೈಪಿಡಿಯಾಗಲಿ ಬರಲಿಲ್ಲ. ಆಟದ ತುಣುಕನ್ನು ನಾವು ‘ಕ್ಯಾಸೆಟ್’ ಎಂದೆವು. ಅದು ಹತ್ತದಿದ್ದರೆ ಬಾಯಿಂದ ಊದಿ ಮತ್ತೆ ಸಿಕ್ಕಿಸಿದೆವು. ಕೆಲಸ ಮಾಡಿದ್ದು ಮತ್ತೆ ಸಿಕ್ಕಿಸಿದ್ದೇ ಹೊರತು ಊದಿದ್ದಲ್ಲ. ಉಸಿರಿನ ತೇವದಿಂದ ತಾಮ್ರದ ಹಲ್ಲುಗಳು ಕೆಟ್ಟವು.

ಈ ಕ್ಯಾಸೆಟ್ಟುಗಳನ್ನು ಆಧಾರವಾಗಿ ಓದುವಾಗ ಮೂರು ಎಚ್ಚರಿಕೆಗಳು ಅವಶ್ಯ.

ಮೊದಲನೆಯದಾಗಿ, ಮೇಲಿನ ಚೀಟಿ. ‘9999 ಆಟಗಳು’ ಎಂದು ಅಚ್ಚಾಗಿದ್ದರೂ ಒಳಗಿದ್ದ ಆಟಗಳು ಕೆಲವೇ. ಒಂದೇ ಆಟ ಬೇರೆ ಬೇರೆ ಘಟ್ಟಗಳಿಂದ ಆರಂಭವಾಗಿ ಬೇರೆ ಬೇರೆ ಸಂಖ್ಯೆಗಳಲ್ಲಿ ಮರಳಿ ಬರುತ್ತಿತ್ತು. ಶಾಸನದ ಪ್ರಶಸ್ತಿಭಾಗವನ್ನು ಓದುವಾಗ ರಾಜನು ಗೆದ್ದ ದೇಶಗಳ ಪಟ್ಟಿಯನ್ನು ನಾವು ಹೇಗೆ ತೂಗಿ ನೋಡುತ್ತೇವೆಯೋ ಇದನ್ನೂ ಹಾಗೆಯೇ ನೋಡತಕ್ಕದ್ದು. ಮೇಲಾಗಿ ಅನೇಕ ನಕಲುಗಳಲ್ಲಿ ಮೂಲ ಸಂಸ್ಥೆಯ ಹೆಸರನ್ನು ಅಳಿಸಿದ್ದರು. ಆದಕಾರಣ ಆಟವನ್ನು ಕಂಠಪಾಠದಂತೆ ಬಲ್ಲವರಿಗೂ ಅದರ ಕರ್ತೃಗಳ ಹೆಸರು ತಿಳಿಯಲಿಲ್ಲ.

ಎರಡನೆಯದು ಕಾಲನಿರ್ಣಯ. ನಮ್ಮ ನೆನಪಿನಲ್ಲಿ ಈ ಆಟವು 1990ರ ದಶಕದ ಕೊನೆಗೆ ಸೇರಿದ್ದು. ವಾಸ್ತವವಾಗಿ ಅದು ಅದಕ್ಕಿಂತ ಹನ್ನೆರಡು ಹದಿಮೂರು ವರ್ಷ ಹಳೆಯದು. ತಾಮ್ರಪಟದ ಪ್ರತಿಯ ಕಾಲವೇ ಮೂಲದಾನದ ಕಾಲವೆಂದು ತಿಳಿಯುವ ತಪ್ಪು ಇಲ್ಲಿಯೂ ಸಂಭವಿಸೀತು. ಪ್ರತಿಯಲ್ಲಿ ಪಾಠಾಂತರವೂ ಉಂಟು. ಜಪಾನಿನ ಟಿ.ವಿ.ಗೆ ಸರಿಯಾಗಿ ಸೆಕೆಂಡಿಗೆ 60 ಚಿತ್ರಗಳ ಗತಿಗೆ ರಚಿತವಾದ ಆಟವನ್ನು ನಮ್ಮ ದೇಶದ 50ರ ಪದ್ಧತಿಗೆ ಹೊಂದಿಸಿದ ಯಂತ್ರದಲ್ಲಿ ಹಾಗೆಯೇ ಹಾಕಿದರೆ ಓಟ, ನೆಗೆತ, ಸಂಗೀತ ಎಲ್ಲವೂ ಆರರಲ್ಲೊಂದು ಪಾಲು ನಿಧಾನವಾಗುತ್ತವೆ. ಅಂಥ ಯಂತ್ರದಲ್ಲಿ ಆಡಿದವನು ಇಂದು ಮೂಲವನ್ನು ಕೇಳಿದರೆ ಯಾರೋ ಅವಸರಪಡಿಸಿದಂತೆ ತೋರುವುದು.

ಮೂರನೆಯದು ಸಾಕ್ಷಿಗಳ ಮಿತಿ. ಮೂಲ ಆಟದಲ್ಲಿ ಮುನ್ನಡೆಯನ್ನು ಉಳಿಸಿಡುವ ಏರ್ಪಾಡಿರಲಿಲ್ಲ. ಅದು ನಂತರದ ಪ್ರತಿಗಳಲ್ಲಿ ಬಂದಿತು. ನಮ್ಮ ಬಾಲ್ಯದಲ್ಲಿ ಕರೆಂಟು ಹೋದರೆ ಐದನೆಯ ಲೋಕಕ್ಕೆ ಮುಟ್ಟಿದವನೂ ಮೊದಲನೆಯದರಿಂದಲೇ ಮತ್ತೆ ತೊಡಗಬೇಕಾಗಿತ್ತು. ಆದ್ದರಿಂದಲೇ ಮೊದಲ ಘಟ್ಟದ ಪ್ರತಿಯೊಂದು ಇಟ್ಟಿಗೆಯೂ ನಮಗೆ ನೆನಪಿದೆ, ಎಂಟನೆಯ ಲೋಕ ನೆನಪಿಲ್ಲ. ಇದನ್ನು ಮರೆವೆನ್ನಲಾಗದು, ಕಾಣದ್ದನ್ನು ಮರೆಯುವುದೆಂತು? ಬಾಯಿಮಾತಿನ ಸಾಕ್ಷ್ಯವನ್ನು ಬರೆದುಕೊಳ್ಳುವವರು ಇಂಥ ವಿದ್ಯುತ್ತಿನ ಚರಿತ್ರೆಯನ್ನೂ ಜೊತೆಗೆ ಕೇಳಬೇಕು.

ಈ ವಿಷಯ ತೀರ ಕ್ಷುದ್ರವೆಂದು ಕೆಲವರು ಹೇಳಬಹುದು. ಅವರಿಗೆ ನಮ್ಮ ಸೀಮೆಯದೇ ಒಂದು ಉತ್ತರವುಂಟು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಉತ್ಖನನ ನಡೆಸಿ, ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಕಾಲನಿರ್ಣಯವಾದ ಆಯುಧ ತಯಾರಿಕೆಯ ಸ್ಥಳವೊಂದನ್ನು ಬೆಳಕಿಗೆ ತಂದರು. ಅಲ್ಲಿ ಸಿಕ್ಕವು ಸುಣ್ಣಕಲ್ಲಿನ ಆಯುಧಗಳು, ಅವನ್ನು ಕಡೆಯುವಾಗ ಸಿಡಿದ ಚಕ್ಕೆಗಳು. ಹೆಸರಿಲ್ಲದ ಜನರ ಕೈಕೆಲಸವನ್ನು ಚಕ್ಕೆಗಳಿಂದಲೇ ಓದಲು ಸಾಧ್ಯವಾಯಿತು, ಏಕೆಂದರೆ ಅವು ಬಿದ್ದಲ್ಲಿಯೇ ಉಳಿದಿದ್ದವು. ನಮ್ಮ ಪ್ಲಾಸ್ಟಿಕ್ ಯಂತ್ರಗಳಿಗೆ ಆ ಭಾಗ್ಯವಿಲ್ಲ; ನಮ್ಮದು ಹಳೆಯ ತಂತಿ, ಡಬ್ಬಿಗಳೊಡನೆ ಗುಜರಿಯವನ ತಕ್ಕಡಿಗೆ ಹೋಯಿತು. ಆಗ ನಾವು ಇತಿಹಾಸದ ವಿದ್ಯಾರ್ಥಿಗಳೇ ಆಗಿದ್ದೆವು, ಆದರೂ ತಡೆಯಲಿಲ್ಲ.

ಅಂದು ಆಡಿದವರಲ್ಲಿ ಬಹುಮಂದಿ ಈಗ ಮೂವತ್ತು, ನಲವತ್ತರ ವಯಸ್ಸಿನವರು. ಉಳಿದಿರುವ ಕ್ಯಾಸೆಟ್ಟುಗಳನ್ನು ಸಂಗ್ರಹಿಸಿ, ಚೀಟಿಯನ್ನೂ ಒಳಗಿನ ಆಟಗಳನ್ನೂ ಬೇರೆ ಬೇರೆಯಾಗಿ ಪಟ್ಟಿಮಾಡಿ, ಆಡಿದವರ ಹೇಳಿಕೆಗಳನ್ನು ಊರು, ವರ್ಷಗಳೊಡನೆ ಬರೆದಿಡುವುದು ವಿಭಾಗದ ವಿದ್ಯಾರ್ಥಿಗಳಿಂದ ಆಗತಕ್ಕ ಕೆಲಸ. ಸಾಕ್ಷಿಗಳು ಎದುರಿಗಿರುವಾಗಲೇ ಅದನ್ನು ಮಾಡುವುದು ಲೇಸು.